ಹೆಚ್ಚಾತು

ಬಾಗಿಲ ಪಕ್ಕದ ಮೊಳೆಗೆ ಅಕ್ಕೋರು ತೂಗುಹಾಕುತ್ತಿದ್ದ ಬಳೆಗಳು ನನ್ನ ನೆನಪಿನಲ್ಲಿ ಕೆಂಪು. ಆದರೆ ಆ ವರ್ಷದ ಡೈರಿಯಲ್ಲಿ, ನನ್ನದೇ ಅಕ್ಷರದಲ್ಲಿ, ‘ಹಸಿರು, ಕೈಗೆ ಆರು’ ಎಂದಿದೆ. ನೆನಪಿಗೂ ಡೈರಿಗೂ ಜಗಳ ಬಿದ್ದರೆ ಡೈರಿಯನ್ನು ನಂಬಬೇಕು ಎಂಬುದು ನಾನೇ ಇಟ್ಟುಕೊಂಡ ನಿಯಮ. ಆದರೂ ಕಣ್ಣು ಮುಚ್ಚಿದರೆ ಕೆಂಪೇ ಕಾಣುತ್ತದೆ. ಇನ್ನು ಮುಂದೆ ಬರೆಯುವುದರಲ್ಲೂ ಇಂಥ ತಪ್ಪುಗಳು ಇರಬಹುದು. ಯಾವುವು ಎಂದು ಗೊತ್ತಿದ್ದರೆ ತಿದ್ದಿಬಿಡುತ್ತಿದ್ದೆ.

ಅಕ್ಕೋರು ಗೋಕಾಕದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಎಂ.ಎಸ್ಸಿ. ಮುಗಿಸಿ ಅಲ್ಲಿಗೇ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಉಳಿದ ಹೆಂಗಸರೆಲ್ಲ ಮೇಡಂ ಆಗಿದ್ದರು. ಇವರೊಬ್ಬರು ಮಾತ್ರ ಕನ್ನಡ ಸಾಲಿಯ ಹಳೆಯ ರೂಢಿಯಂತೆ ಅಕ್ಕೋರು. ದೂರದ ದೊಡ್ಡ ಪ್ರಯೋಗಶಾಲೆಯೊಂದರಲ್ಲಿ ಹಲವು ವರ್ಷ ಕೆಲಸ ಮಾಡಿ ತಿರುಗಿ ಬಂದವರು. ಯಾಕೆ ಬಂದಿರಿ ಎಂದು ನಾನು ಮೂರು ಸಲ ಕೇಳಿದ್ದೇನೆ. ಒಮ್ಮೆ, “ಅಮ್ಮನ ಕಣ್ಣ ಮಂಜಾಗ್ಯಾವು” ಎಂದರು. ಇನ್ನೊಮ್ಮೆ, “ಅಲ್ಲಿ ಬರೇ ಅನ್ನಾ ತಿಂದ ತಿಂದ ಸಾಕಾಗಿತ್ತು, ರೊಟ್ಟಿ ಬೇಕಾಗಿತ್ತು” ಎಂದರು. ಮೂರನೆಯ ಸಲ, “ಅಲ್ಲಿ ಎಲ್ಲಾರೂ ಖರೇದನ್ನ ಹುಡಕ್ತಿದ್ರು. ನನಗ ಸುಳ್ಳ ಯಾವುದು ಅಂತ ಹುಡಕೂದಿತ್ತು” ಎಂದರು. ಮೂರೂ ನಿಜವಿರಬಹುದು.

ಗಿಡ್ಡನೆಯ ಹೆಂಗಸು. ಸೀರೆಯ ಕೆಳಗೆ ಗಂಡಸರ ಕರಿ ಬೂಟು. ಕೈಗೆ ಏನು ಸಿಕ್ಕರೂ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು, ಉಗುರಿನಿಂದ ಒಮ್ಮೆ ಬಡಿಯುವುದು, ಕಿವಿಗೊಡುವುದು. ಲೆನ್ಸು, ಚಹಾದ ಲೋಟ, ಹೊಸ ಟ್ಯೂಬ್‌ಲೈಟು, ಯಾವುದೂ ಈ ಪರೀಕ್ಷೆ ತಪ್ಪಿಸಿಕೊಂಡದ್ದಿಲ್ಲ. ಅದು ಭೌತಶಾಸ್ತ್ರದಿಂದ ಬಂದ ಚಟವಲ್ಲ. ಅವರದು ಹುಕ್ಕೇರಿಯಲ್ಲಿ ತಲೆತಲಾಂತರದಿಂದ ಬಳೆ ಮಾರುವ ಮುಸಲ್ಮಾನರ ಮನೆ. ಚಿಕ್ಕಂದಿನಲ್ಲಿ ಅವರು ಅಮ್ಮನ ಅಂಗಡಿಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದರಂತೆ. ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಾದಾಗ, ಯಾರೂ ಮುಟ್ಟದೆ ಯಾರೂ ಅಲುಗಿಸದೆ, ಮುಚ್ಚಿದ ಡಬ್ಬಿಯೊಳಗೆ ಒಂದು ಬಳೆ ‘ಟಿಣ್’ ಎನ್ನುತ್ತಿತ್ತು. ತೆಗೆದು ನೋಡಿದರೆ ಎರಡು ತುಂಡು.

“ಯಾರ ಬಡದ್ರು ಅಂತ ಅಮ್ಮನ್ನ ಕೇಳ್ತಿದ್ದೆ. ಯಾರೂ ಬಡದಿಲ್ಲ, ಭಟ್ಟ್ಯಾಗಿಂದ ತಗಿಯೂ ಮುಂದ ಗಡಿಬಿಡಿ ಮಾಡ್ಯಾರ, ಸಿಟ್ಟ ಒಳಗ ಇಟ್ಕೊಂಡ ಕುಂತಿತ್ತು, ಇವತ್ತ ಬಿಡ್ತು ಅಂತಿದ್ಲು.”

ಆ ಮನೆಯಲ್ಲಿ ‘ಒಡೆಯಿತು’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಬಳೆ ಒಡೆಯಿತೆಂದರೆ ತೊಟ್ಟವಳ ಗಂಡನಿಗೆ ಕೇಡು ಎಂದು ನಮ್ಮ ಕಡೆ ಎಲ್ಲ ಜಾತಿಯವರೂ ಅಂಜುತ್ತಾರಲ್ಲ, ಹಾಗಾಗಿ ಬಳೆ ‘ಹೆಚ್ಚಾತು’ ಅನ್ನುತ್ತಾರೆ. ಮೂಡಲಗಿಯ ನಮ್ಮ ಮನೆಯಲ್ಲೂ ಬಳೆಯ ಮಟ್ಟಿಗೆ ಅದೇ ಮಾತು. ಆದರೆ ಅಕ್ಕೋರ ಬಾಯಲ್ಲಿ ಗಾಜಿನಂಥದ್ದು ಯಾವುದೇ ಇರಲಿ, ಒಡೆಯುತ್ತಲೇ ಇರಲಿಲ್ಲ, ಹೆಚ್ಚಾಗುತ್ತಿತ್ತು. ಒಮ್ಮೆ ಪ್ರಾಕ್ಟಿಕಲ್‌ನಲ್ಲಿ ಹುಡುಗಿಯೊಬ್ಬಳ ಕೈಯಿಂದ ಬೀಕರು ಬಿತ್ತು. ಅವಳ ಮುಖ ಬಿಳಿಚಿಕೊಂಡಿತು.

“ಹೆಚ್ಚಾತೇನ? ಹೋಗ್ಲಿ ಬಿಡು, ಕಸಬರಗಿ ತಗೊಂಬಾ” ಎಂದರು ಅಕ್ಕೋರು.

“ಇಲ್ರಿ ಅಕ್ಕೋರ, ಒಂದ ಕಮ್ಮಿ ಆತ್ರಿ” ಎಂದಳು ಆ ಹುಡುಗಿ, ಅಳುತ್ತ.

ಇಡೀ ಲ್ಯಾಬು ನಕ್ಕಿತು. ನಾನೂ ಅಲ್ಲೇ ಇದ್ದೆ, ನಾನೂ ನಕ್ಕೆ. ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ ಎಂದು ನಾನು ಯಾರೆದುರೂ ಹೇಳುವಂತಿಲ್ಲ.

ಅಕ್ಕೋರು ಹುಡುಕುತ್ತಿದ್ದುದು ಏನನ್ನು ಎಂದು ಸ್ಟಾಫ್‌ರೂಮಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಕಾಶದಲ್ಲಿ ಕಾಣುವ ನಕ್ಷತ್ರಗಳ ತೂಕವನ್ನೆಲ್ಲ ಕೂಡಿಸಿದರೂ ಅವು ಚದುರದೆ ಒಟ್ಟಿಗೆ ತಿರುಗುವುದಕ್ಕೆ ಸಾಲುವುದಿಲ್ಲ. ಕಾಣದ ಯಾವುದೋ ತೂಕ ಅವನ್ನು ಹಿಡಿದಿಟ್ಟಿದೆ. ಅದಕ್ಕೆ ಕಪ್ಪು ದ್ರವ್ಯ ಎನ್ನುತ್ತಾರೆ. ಅದು ಈಗಲೂ ಈ ಕಾಗದದ ಮೂಲಕ, ನನ್ನ ಕೈಯ ಮೂಲಕ ಹಾದುಹೋಗುತ್ತಿರಬಹುದು. ಅದರ ಕಣಗಳು ಭಾರವಾಗಿದ್ದರೆ ಎಂದಾದರೊಮ್ಮೆ ಒಂದು ಪರಮಾಣುವಿನ ನಡುಭಾಗಕ್ಕೆ ಬಡಿದು ಗೊತ್ತಾಗಬೇಕು. ತೀರ ಹಗುರವಾಗಿದ್ದರೆ?

“ಕಬ್ಬ ಹೇರಿದ ಟ್ರ್ಯಾಕ್ಟರಕ್ಕ ನೊಣಾ ಬಂದ ಡಿಕ್ಕಿ ಹೊಡದ್ರ ಟ್ರ್ಯಾಕ್ಟರಕ್ಕ ಗೊತ್ತಾಗತೈತೇನ ತಂಗಿ?” ಎಂದು ಕೇಳಿದ್ದರು ಅಕ್ಕೋರು.

“ಇಲ್ರಿ.”

“ಅದ ನೊಣಾ ಮತ್ತೊಂದ ನೊಣಕ್ಕ ಬಡದ್ರ?”

“ಗೊತ್ತಾಗತೈತ್ರಿ.”

“ಹಂಗ, ಹಗೂರ ಇದ್ದದ್ದಕ್ಕ ಹಗೂರ ಇದ್ದದ್ದ ಬೇಕು. ಎಲೆಕ್ಟ್ರಾನ್ ಬೇಕು. ಆದ್ರ ಎಲ್ಲಿ ಎಲೆಕ್ಟ್ರಾನು? ತಾಮ್ರದಾಗ ಹೊಸ್ತಲಾನ ಇಲ್ಲ, ಎಲ್ಲಾ ಬೀದ್ಯಾಗ ಅಡ್ಡಾಡತಾವು, ಯಾರನ್ನ ಯಾರ ತಳ್ಳಿದ್ರೂ ತಿಳಿಯೂದಿಲ್ಲ. ಗಾಜಿನಾಗ ಹೊಸ್ತಲಾ ಎದಿಮಟ, ದಾಟಾಕ ಆಗೂದಿಲ್ಲ. ಸಿಲಿಕಾನದಾಗ ಗೇಣಷ್ಟ. ಸಣ್ಣಂಗ ತಳ್ಳಿದ್ರೂ ದಾಟತೈತಿ. ಒಂದ ದಾಟಿದ್ರ ಸಾಕು, ನಾವು ಎಣಸ್ತೇವಿ.”

ಸಿಲಿಕಾನಿನಂಥ ಅರೆವಾಹಕಗಳ ಬಗ್ಗೆ ನಾನು ಎರಡು ಸೆಮಿಸ್ಟರು ಓದಿದ್ದೆ. ಹೊಸ್ತಿಲೆಂಬ ಮಾತು ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಗೋಕಾಕದಲ್ಲಿ ಕೂತು ಕಪ್ಪು ದ್ರವ್ಯ ಹಿಡಿಯುತ್ತೇನೆಂಬ ಭ್ರಮೆ ಅವರಿಗಿರಲಿಲ್ಲ. ಅದಕ್ಕೆ ಆಳದ ಗಣಿ ಬೇಕು, ದೊಡ್ಡ ಯಂತ್ರ ಬೇಕು. ಅವರ ಪ್ರಶ್ನೆ ಬೇರೆ. ಹರಳನ್ನು ತಣ್ಣಗಿಟ್ಟು, ಕತ್ತಲಲ್ಲಿಟ್ಟು, ಎಲ್ಲ ಬಾಗಿಲು ಮುಚ್ಚಿದ ಮೇಲೂ ಎಲೆಕ್ಟ್ರಾನುಗಳು ಒಂದೊಂದಾಗಿ ಹೊಸ್ತಿಲು ದಾಟುತ್ತಲೇ ಇರುತ್ತವೆ. ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲೂ ಹೀಗೇ ಆಗುತ್ತದೆ. ಯಾರು ತಳ್ಳಿದರು? ಅದು ಕಪ್ಪು ದ್ರವ್ಯವೋ, ಬರೀ ಸುಳ್ಳು ಸದ್ದೋ? ಅಕ್ಕೋರ ಗುಮಾನಿ ಬಳೆಯ ಡಬ್ಬಿಯಿಂದ ಬಂದದ್ದು. ಹರಳನ್ನು ಅಂಟು ಹಾಕಿ, ಸ್ಕ್ರೂ ಬಿಗಿದು ಕೂರಿಸುತ್ತಾರಲ್ಲ, ಆ ಬಿಗಿತ ಒಳಗೆ ಕೂತು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಅದೇ ತಳ್ಳುತ್ತದೆ ಎಂದು. ಹಳೆಯ ಪ್ರಯೋಗಶಾಲೆಯಿಂದ ತಂದ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಸಿಲಿಕಾನ್ ಹರಳೊಂದು ಅವರ ಬಳಿ ಇತ್ತು. ಕಾಲೇಜಿನ ಹಿಂದೆ, ಗುಡ್ಡದ ಬಂಡೆಗೆ ಬೆನ್ನು ಹಚ್ಚಿದ ಕಲ್ಲಿನ ಸಣ್ಣ ಉಗ್ರಾಣವನ್ನು ಪ್ರಿನ್ಸಿಪಾಲರಿಂದ ಕೇಳಿ ಪಡೆದರು. ಇಬ್ಬರು ಕೂತರೆ ಮೊಣಕಾಲು ತಾಗುವಷ್ಟು ಚಿಕ್ಕದು. ಒಳಗೆ ಹೋಗುವ ಮೊದಲು ಬಳೆ ಬಿಚ್ಚಿ ಹೊರಗಿನ ಮೊಳೆಗೆ ಹಾಕುತ್ತಿದ್ದರು. ಅವುಗಳ ಅಲುಗಾಟವೂ ಹರಳಿಗೆ ತಾಗುತ್ತದೆಂದು. ಮೊಳೆಯಲ್ಲಿ ಬಳೆಯಿದ್ದರೆ ಅಕ್ಕೋರು ಒಳಗಿದ್ದಾರೆ, ಬಾಗಿಲು ಬಡಿಯಬಾರದು ಎಂದು ಜವಾನನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು.

ಗಾಜಿನ ಫ್ಲಾಸ್ಕಿನೊಳಗೆ ಹರಳನ್ನು ತಣ್ಣಗಿಡಲು ದ್ರವ ಸಾರಜನಕ ಬೇಕು. ಅದು ಬರುತ್ತಿದ್ದುದು ನಾಗನೂರಿನಿಂದ, ಎಮ್ಮೆಗಳಿಗೆ ಗರ್ಭದ ಇಂಜೆಕ್ಷನ್ ಮಾಡುತ್ತ ಬೈಕಿನಲ್ಲಿ ಊರೂರು ತಿರುಗುವ ಒಬ್ಬ ಗೃಹಸ್ಥನ, ಕೋಣದ ವೀರ್ಯ ತಣ್ಣಗಿಡುವ ಕ್ಯಾನಿನಿಂದ. ಅವನು ಬಂದಾಗಲೆಲ್ಲ ಅದೇ ಚೇಷ್ಟೆ.

“ಅಕ್ಕೋರ, ಇವತ್ತ ಯಾವ ತಳಿ ಕೊಡ್ಲಿರಿ? ಮುರ್ರಾ ಕ್ವಾಣದ್ದ ಛಲೋ ಐತಿ.”

“ಕ್ವಾಣ ನಿನಗ ಇರ್ಲಿ, ನನಗ ಬರೇ ತಂಪ ಕೊಡು.”

“ಬರೇ ತಂಪ ತಗೊಂಡ ಏನ ಹಡಸ್ತೀರ್ರಿ?”

“ಏನೂ ಹುಟ್ಟಬಾರ್ದು ಅಂತನ ಈ ಖಟಪಟಿ” ಎನ್ನುತ್ತಿದ್ದರು ಅಕ್ಕೋರು, ನಗದೆ.

ಮೊದಲ ದಿನವೇ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿದ್ದರು: “ಸಾರಜನಕ ಸುರುವು ಮುಂದ ಬಾಗಲಾ ತಗದ ಇಡಬೇಕು. ಇದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ಕೆಮ್ಮು ಸೈತ ಬರೂದಿಲ್ಲ. ಖೋಲ್ಯಾಗಿನ ಗಾಳಿ ಸರಿಸಿ ತಾನ ಕುಂದ್ರತೈತಿ. ಸುಖಾ ಆದಂಗ ಆಗತೈತಿ, ಅಷ್ಟ.” ‘ಸುಖಾ ಆದಂಗ’ ಎಂದರೋ ‘ನಿದ್ದಿ ಬಂದಂಗ’ ಎಂದರೋ ಈಗ ಖಾತ್ರಿಯಿಲ್ಲ. ಆ ದಿನದ ಡೈರಿಯಲ್ಲಿ ನಾನು ಉಟ್ಟ ಸೀರೆಯ ವಿಷಯವಿದೆ, ಈ ಮಾತಿಲ್ಲ.

ನನ್ನ ಕೆಲಸ ಎಣಿಕೆ ಬರೆಯುವುದು. ಎಷ್ಟು ಎಲೆಕ್ಟ್ರಾನು ದಾಟಿದವೆಂದು ಗಂಟೆಗೊಮ್ಮೆ ಒಳಗಿನಿಂದ ಅವರು ಸಂಖ್ಯೆ ಹೇಳುತ್ತಿದ್ದರು, ಹೊರಗೆ ಸ್ಟೂಲಿನ ಮೇಲೆ ಕೂತ ನಾನು ಬರೆಯುತ್ತಿದ್ದೆ. ಹದಿನಾಲ್ಕು. ಹದಿನೈದು. ಹದಿನಾಲ್ಕು. ಸ್ಕ್ರೂ ಸಡಿಲಿಸಿದ ವಾರ ಒಂಬತ್ತಕ್ಕೆ ಇಳಿಯಿತು. ಅಕ್ಕೋರು ಆ ದಿನ ಎಲ್ಲರಿಗೂ ಕರದಂಟು ಹಂಚಿದರು. “ಕಮ್ಮಿ ಆದ್ವು!” ಯಾವುದೋ ಸಿಗದೇ ಇದ್ದದ್ದಕ್ಕೆ ಸಿಹಿ ಹಂಚಿದ ಬೇರೆ ಮನುಷ್ಯರನ್ನು ನಾನು ಕಂಡಿಲ್ಲ.

ಎಣಿಕೆಯ ವಿಷಯದಲ್ಲಿ ಅವರು ಯಾವಾಗಲೂ ಬಹುವಚನದಲ್ಲೇ ಮಾತಾಡುತ್ತಿದ್ದರು ಎಂದು ನನ್ನ ನೆನಪು. ಕಮ್ಮಿ ಆದ್ವು. ಹೆಚ್ಚಾದ್ವು. ಈ ನೆನಪನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ಬಳಸಿ ಬಳಸಿ ಅದರ ಅಂಚು ಸವೆದಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎಣಿಕೆ ಮತ್ತೆ ಏರತೊಡಗಿತು. ಹನ್ನೊಂದು, ಹದಿಮೂರು, ಹತ್ತೊಂಬತ್ತು. ಸ್ಕ್ರೂ ಸಡಿಲವೇ ಇತ್ತು. ಅಕ್ಕೋರು ಹರಳನ್ನು ಹೊರತೆಗೆದು ನೋಡಿದರು, ತಂತಿ ಬದಲಿಸಿದರು, ಉಗುರು ತಾಗಿಸಿ ಕಿವಿಗೊಟ್ಟರು. ಊಟದ ಡಬ್ಬಿ ಹಾಗೇ ವಾಪಸು ಹೋಗತೊಡಗಿತು. ಪಾಠದ ನಡುವೆ ಚಾಕ್‌ಪೀಸು ಹಿಡಿದು ನಿಂತುಬಿಡುತ್ತಿದ್ದರು. ಒಂದು ದಿನ, ಇಬ್ಬರೇ ಇದ್ದಾಗ, “ಯಾರ ತಳ್ಳಾಕತ್ತಾರ ತಂಗಿ?” ಎಂದು ಕೇಳಿದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ. ನನ್ನ ಬೆನ್ನು ತಣ್ಣಗಾಯಿತು. ಬಾಗಿಲು ತೆರೆದಿದ್ದುದರಿಂದ ಒಳಗಿನ ತಂಪೇ ಇರಬಹುದು.

ಬೆಳಕು ಸೋರುತ್ತಿರಬಹುದು ಎಂದು ಹೊಳೆದದ್ದು ನನಗೆ. ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ಒಂದು ಗವಾಕ್ಷಿಯಿತ್ತು. ನಾನೇ ಮೈದಾ ಕುದಿಸಿ ಅಂಟು ಮಾಡಿದೆ. ನಾನೇ ಸ್ಟೂಲು ಹತ್ತಿ ಕಪ್ಪು ಕಾಗದವನ್ನು ಎರಡು ಪದರ ಹಚ್ಚಿದೆ. ಅಕ್ಕೋರು “ಗಾಳಿಗೆ ಏನ ಮಾಡೂದು?” ಎಂದು ಕೇಳಿದಂತೆ ನನಗೆ ಈಗ ಕೇಳಿಸುತ್ತದೆ. ಆಗ ಕೇಳಿಸಿತ್ತೇ? ಡೈರಿಯಲ್ಲಿ ಇಷ್ಟೇ ಇದೆ: ‘ಗವಾಕ್ಷಿ ಮುಚ್ಚಿದೆ. ಅಕ್ಕೋರು ನಕ್ಕರು.’

ಎಣಿಕೆ ಇಳಿಯಲಿಲ್ಲ.

ಅದಾಗಿ ಹತ್ತು ದಿನಕ್ಕೆ, ಮೂಡಲಗಿಯಲ್ಲಿ ನಮ್ಮ ಕಾಕಾನ ಮಗಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಬಳೆ ತೊಡಿಸುವ ದಿನ, ಮನೆಯ ಹೆಣ್ಣುಮಕ್ಕಳೂ ತೊಡಬೇಕು. ನಾನು ರಜೆ ಹಾಕಿ ಹಿಂದಿನ ದಿನವೇ ಹೋಗಿದ್ದೆ. ಪಡಸಾಲೆಯ ತುಂಬ ಹೆಂಗಸರು, ಮಕ್ಕಳ ಗದ್ದಲ, ಯಾರೋ ಸೋಬಾನೆ ಹೇಳುತ್ತಿದ್ದರು. ಬಳೆ ಮಾರುವ ಮುದುಕಿ ನನ್ನ ಎರಡೂ ಕೈಗೆ ಸಾಬೂನು ಸವರಿ, ಬಲಗೈಯ ಗೆಣ್ಣುಗಳನ್ನು ತನ್ನ ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದಳು. ಆಗ ನನ್ನ ಫೋನು ರಿಂಗಾಯಿತು. ಅದು ಕಾಕಿಯ ಬಳಿ ಇತ್ತು. ಕಾಕಿ ಒಂದು ಕಿವಿ ಮುಚ್ಚಿಕೊಂಡು ಮಾತಾಡಿದಳು, ಇಟ್ಟಳು, ಅಲ್ಲಿಂದಲೇ ಕೂಗಿದಳು:

“ಏ, ನಿಮ್ಮ ಅಕ್ಕೋರ ಫೋನವಾ. ಹೆಚ್ಚಾತಂತ ನೋಡ!”

ನನ್ನ ಕೈ ಹಿಡಿದ ಮುದುಕಿಯ ಮುಷ್ಟಿ ಹಾಗೇ ನಿಂತಿತು. “ಯಾರ ಮನ್ಯಾಗ್ರಿ?” ಎಂದಳು, ಮೆಲ್ಲಗೆ.

“ಬಳಿ ಅಲ್ಲ ಬೇ” ಎಂದೆ ನಾನು. “ಅದ ಕಾಲೇಜಿನ ಲೆಕ್ಕ. ಎಣಿಕಿ ಹೆಚ್ಚಾಗ್ಯಾವು, ಅದನ್ನ ಹೇಳ್ಯಾರ.”

ಎಲ್ಲರೂ ನಕ್ಕರು. ಬಸುರಿ ಹುಡುಗಿ, “ಇವರಿಗಿ ಕುಬಸದಾಗೂ ಲೆಕ್ಕ ನೋಡ್ರಿ!” ಎಂದು ಹಂಗಿಸಿದಳು. ಮುದುಕಿ ನಗಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ ಬಳೆ ಏರಿಸಿದಳು. ಆಗ ಮಧ್ಯಾಹ್ನ ಹನ್ನೆರಡೂ ಇಪ್ಪತ್ತು. ತಿರುಗಿ ಫೋನು ಮಾಡಬೇಕೆಂದು ನನಗೆ ಅನಿಸಿತ್ತು. ಕೈಗೆ ಸಾಬೂನಿತ್ತು. ಆಮೇಲೆ ಊಟ. ಊಟದ ಮೇಲೆ, ನಾಳೆ ಹೇಗೂ ಹೋಗುತ್ತೇನಲ್ಲ, ಎದುರಿಗೇ ಕೇಳೋಣ ಎಂದುಕೊಂಡೆ. ಇನ್ನೂ ಒಂದು ಮಾತು ಬರೆಯಬೇಕು: ಅವತ್ತು ಒಂದು ದಿನ ಆ ಸಂಖ್ಯೆಗಳು ನನಗೆ ಬೇಡವಾಗಿದ್ದವು.

ಸಂಜೆ ಬೀಗ ಹಾಕಲು ಬಂದ ಜವಾನ ಮೊಳೆಯಲ್ಲಿ ಬಳೆ ಕಂಡು ಮೊದಲು ವಾಪಸು ಹೋದನಂತೆ. ಅಕ್ಕೋರು ಹಾಕಿದ ನಿಯಮ ಅದೇ ಅಲ್ಲವೇ. ಎರಡನೆಯ ಸಲ ಬಂದಾಗ ಬಾಗಿಲು ದೂಡಿದ. ಸಾರಜನಕದ ಕ್ಯಾನು ಮಗುಚಿತ್ತು. ಹರಳು ಇಡುವ ಗಾಜಿನ ಫ್ಲಾಸ್ಕು ಚೂರಾಗಿತ್ತು. ಅಕ್ಕೋರು ಗೋಡೆಗೆ ಒರಗಿ ಕೂತಿದ್ದರು, ಕಿವಿಗೊಟ್ಟವರ ಹಾಗೆ ತಲೆ ಒಂದು ಕಡೆ ವಾಲಿಸಿ. ಉಸಿರು ಕಟ್ಟಿ ಜೀವ ಹೋಗಿದೆ ಎಂದರು ಡಾಕ್ಟರು. ಹೋಗಿ ಎಷ್ಟು ಹೊತ್ತಾಗಿತ್ತೆಂದು ಅವರು ಖಚಿತವಾಗಿ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗೋಕಾಕ ಮುಟ್ಟುವಷ್ಟರಲ್ಲಿ ಅವರನ್ನು ಹುಕ್ಕೇರಿಗೆ ಒಯ್ದಿದ್ದರು. ಬಳೆ ಮಾತ್ರ ಮೊಳೆಯಲ್ಲೇ ಇದ್ದವು. ಯಾರೂ ಮುಟ್ಟಿರಲಿಲ್ಲ. ತೆಗೆದು ಸೆರಗಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಒತ್ತಿ ಹಿಡಿದೆ. ಹುಕ್ಕೇರಿಯ ಮನೆಯಲ್ಲಿ ಹೆಂಗಸರ ನಡುವೆ ಅವರ ಅಮ್ಮ ಕೂತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಬಳೆಗಳನ್ನು ಕೈಗಿತ್ತೆ. ಒಂದೊಂದನ್ನೇ ಬೆರಳಿಂದ ಸವರಿ, ಉಗುರಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದರು.

“ಹನ್ನೆರಡು. ಒಂದೂ ಹೆಚ್ಚಾಗಿಲ್ಲ” ಎಂದರು.

ಆ ಮಾತು ಕೇಳಿದಾಗಲೇ ನನಗೆ ಮೂಡಲಗಿಯ ಪಡಸಾಲೆ ನೆನಪಾದದ್ದು. ಫೋನಿನ ಆ ‘ಹೆಚ್ಚಾತು’ ಬಳೆ ಮಾರುವ ಮುದುಕಿ ತಿಳಿದಂತೆ ಗಾಜಿನ ಮಾತೇ ಆಗಿರಬಹುದು ಎಂದು ಹೊಳೆದದ್ದು.

ಆಮೇಲೆ ನಾನು ಎಣಿಕೆಯ ಪುಸ್ತಕ ತೆರೆದು ನೋಡಿದೆ. ಕೊನೆಯ ಸಾಲು ಅವರದೇ ಅಕ್ಷರ: ಹನ್ನೆರಡು ಗಂಟೆ, ನಲವತ್ತೊಂದು. ಅಷ್ಟು ಎಂದೂ ಬಂದಿರಲಿಲ್ಲ. ಹಾಗಾದರೆ ನಾನು ತಿಳಿದದ್ದೇ ಸರಿ, ಎಣಿಕೆ ಹೆಚ್ಚಾಗಿತ್ತು, ಅದನ್ನು ಹೇಳಲು ಫೋನು ಮಾಡಿದರು ಎಂದು ಒಂದು ರಾತ್ರಿಯಷ್ಟು ಸಮಾಧಾನಪಟ್ಟೆ. ಆದರೆ ಫ್ಲಾಸ್ಕು ಸೀಳಿದರೂ ಎಣಿಕೆ ಏರುತ್ತದೆ. ತಂಪು ಸೋರಿದರೆ ಹರಳು ಬಿಸಿಯಾಗುತ್ತದೆ, ಬಿಸಿಯಾದರೆ ಎಲೆಕ್ಟ್ರಾನುಗಳು ತಾವಾಗಿ ಹೊಸ್ತಿಲು ದಾಟುತ್ತವೆ. ಮೊದಲು ಫ್ಲಾಸ್ಕು ಸೀಳಿ, ಅದನ್ನು ನೋಡಿ ಅವರು ಫೋನು ಮಾಡಿದ್ದರೆ, ಹೇಳುತ್ತಿದ್ದುದು ಒಂದೇ ಮಾತು: ಹೆಚ್ಚಾತು. ಬರೀ ಎಣಿಕೆ ಏರಿದ್ದಕ್ಕೆ ಫೋನು ಮಾಡಿ, ಆಮೇಲೆ ತಲೆ ತಿರುಗಿ ಬೀಳುವಾಗ ಫ್ಲಾಸ್ಕು ಕೈತಾಗಿ ಹೋಗಿದ್ದರೆ: ಹೆಚ್ಚಾದ್ವು. ಏಕವಚನ, ಬಹುವಚನ. ಕೊನೆಯ ಒಂದು ಅಕ್ಷರ.

ಹೆಚ್ಚಾದ್ವು ಎಂದಿದ್ದರೆ ಅದು ಸುದ್ದಿ. ಹೆಚ್ಚಾತು ಎಂದಿದ್ದರೆ ಅದು ಕರೆ. ಜವಾನನ ಮನೆ ಕಾಲೇಜಿನ ಹಿಂದೆಯೇ ಇದೆ, ಅವನ ನಂಬರು ನನ್ನಲ್ಲಿತ್ತು. ಬಾಗಿಲು ತೆಗಿ ಎಂದು ಒಂದು ಮಾತು ಹೇಳಿದ್ದರೆ ಐದು ನಿಮಿಷ ಸಾಕಿತ್ತು.

ಫೋನಿನಲ್ಲಿ ಆ ಕರೆ ಹತ್ತೊಂಬತ್ತು ಸೆಕೆಂಡು ಎಂದಿದೆ. ಅದನ್ನು ನಾನು ಅಳಿಸಿಲ್ಲ. ಮನೆಯಲ್ಲಿ ಕೂತು ಗಡಿಯಾರ ನೋಡುತ್ತ ಅಕ್ಕೋರ ದನಿಯಲ್ಲಿ ಮಾತಾಡಿ ನೋಡಿದ್ದೇನೆ. ಹತ್ತೊಂಬತ್ತು ಸೆಕೆಂಡಿನಲ್ಲಿ ಬಹಳ ಹೇಳಬಹುದು.

ಮೂರು ತಿಂಗಳ ಹಿಂದೆ ಮೂಡಲಗಿಗೆ ಹೋದೆ. ಕಾಕಾನ ಮಗಳ ಕೂಸಿಗೆ ಆಗಲೇ ಹಲ್ಲು ಬರುತ್ತಿದ್ದವು. ಕಾಕಿ ಹಿತ್ತಲ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅದೂ ಇದೂ ಮಾತಾಡಿದೆವು. ನಾನು ಸೊರಗಿದ್ದೇನೆ ಎಂದಳು, ಗೋಕಾಕದಲ್ಲಿ ರೊಟ್ಟಿ ಯಾರು ಬಡಿದು ಕೊಡುತ್ತಾರೆ ಎಂದು ಕೇಳಿದಳು. ಆಮೇಲೆ ನಾನು ಕೇಳಿದೆ. ಮೊರ ನಿಂತಿತು. ಅವಳ ಕೈಬಳೆಯ ಸದ್ದೂ ನಿಂತಿತು.

“ಗದ್ಲ ಇತ್ತವಾ” ಎಂದಳು. “ಗದ್ಲ ಭಾಳ ಇತ್ತು.” ಅಷ್ಟು ಹೇಳಿ, ಮೊರದಿಂದ ಒಂದು ಕಲ್ಲು ಆರಿಸಿ ತೆಗೆದು, ಎಸೆಯದೆ ಅಂಗೈಯಲ್ಲೇ ಹಿಡಿದುಕೊಂಡು ಕೂತಳು. ಅದು ಉತ್ತರವಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅಲ್ಲಿಂದೀಚೆಗೆ ಎರಡು ಸಲ ಹೋಗಿ ಬಂದಿದ್ದೇನೆ. ನನ್ನನ್ನು ಕಂಡರೆ ಒಳಗೆದ್ದು ಹೋಗಿ ಒಲೆಯ ಮುಂದೆ ಕೂರುತ್ತಾಳೆ. ಪುನಃ ಕೇಳುವ ಧೈರ್ಯ ನನಗಿಲ್ಲ. ಅವತ್ತು ನಾನು ಕೇಳಿದ ಪ್ರಶ್ನೆಯನ್ನು ಮನೆಗೆ ಬಂದ ಕೂಡಲೇ ಡೈರಿಯಲ್ಲಿ ಬರೆದಿಟ್ಟೆ. ಇದೊಂದು ಮಾತ್ರ ನನ್ನ ನೆನಪಿನ ತಪ್ಪಲ್ಲ:

“ಕಾಕಿ, ಅಕ್ಕೋರು ‘ಹೆಚ್ಚಾತು’ ಅಂದ್ರೋ, ‘ಹೆಚ್ಚಾದ್ವು’ ಅಂದ್ರೋ?”